ತಾಯಣ್ಣನ ಗೋಡೆ, ದುರುಗಮ್ಮನ ಬಾಣಲಿ

ಮಾನ್ವಿಯ ಕೋಳಿಗಳು ತಾಯಣ್ಣನ ಸುತ್ತಿಗೆ ಸದ್ದು ಕೇಳಿದ ಮೇಲೆಯೇ ಕೂಗುತ್ತವೆ. ಸೂರ್ಯನೂ ಅಷ್ಟೆ. ರಾಯಚೂರು ರಸ್ತೆಯ ಆ ತಗಡಿನ ಶೆಡ್ಡಿನಲ್ಲಿ ಒಂದಾದರೂ ಇಂಜಿನ್ನು ಕೆಮ್ಮಿ ಎದ್ದು ಕೂರುವವರೆಗೆ ಅವನಿಗೆ ಮೇಲೇಳುವ ಧೈರ್ಯವಿಲ್ಲ. ಇವತ್ತು ಸುತ್ತಿಗೆಗೆ ಮೊದಲೇ ಭತ್ತದ ಲಾರಿಯೊಂದು ಬಂದು ಬಾನೆಟ್ ತೆರೆದುಕೊಂಡು ನಿಂತಿದೆ. ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಐವತ್ತೆರಡರ ತಾಯಣ್ಣ ಒಂದು ಕೋಲಿನ ತುದಿಯನ್ನು ನಡುಗುವ ಇಂಜಿನ್ನಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಎಡಗಿವಿಗೆ ಹಚ್ಚಿ ಕಣ್ಣು ಮುಚ್ಚಿದ್ದಾನೆ. ಲಾರಿಯವನು ಉಸಿರು ಬಿಡಲೂ ಹೆದರಿ ನಿಂತಿದ್ದಾನೆ.

“ಮೂರನೇದು ಉಣವಲ್ದು,” ಎನ್ನುತ್ತಾನೆ ತಾಯಣ್ಣ, ಕಣ್ಣು ತೆರೆಯದೆ.

ಮೂರನೆಯ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ ಎಂಬುದು ಇದರ ಅರ್ಥ. ಬಿಚ್ಚಿ ನೋಡಿದರೆ ಹಾಗೇ ಇದೆ. ಡೀಸೆಲ್ ಚಿಮುಕಿಸುವ ಮೂತಿಯಲ್ಲಿ ಸಾಸಿವೆಗಿಂತ ಸಣ್ಣ ಕಸ. ಅದನ್ನು ತೆಗೆದು ತಿರುಗಿ ಕೂಡಿಸುವಷ್ಟರಲ್ಲಿ ಪಕ್ಕದ ಒಲೆಯ ಮೇಲೆ ದುರುಗಮ್ಮನ ಮೊದಲ ಬಾಣಲಿ ಮಿರ್ಚಿ ಭಜಿ ಇಳಿಯುತ್ತದೆ. ದುರುಗಮ್ಮ ತಾಯಣ್ಣನ ಹೆಂಡತಿ. ಶೆಡ್ಡಿನ ಅರ್ಧ ನೆರಳು ಅವಳದು. ಅತ್ತ ಇಂಜಿನ್ನು ರಿಪೇರಿಯಾದರೆ ಇತ್ತ ಡ್ರೈವರುಗಳ ಹೊಟ್ಟೆ ರಿಪೇರಿಯಾಗುತ್ತದೆ.

ದಿನಕ್ಕೆ ಹನ್ನೊಂದು ಇಂಜಿನ್ನು, ಹತ್ತೊಂಬತ್ತು ಕಪ್ ಚಹಾ, ಸುಮಾರು ನಾಲ್ಕು ಸಾವಿರ ಸಲಹೆ. ಇದು ತಾಯಣ್ಣನ ದಿನದ ಲೆಕ್ಕ. ಮೊದಲ ಎರಡು ಅಂಕಿ ಕಡಿಮೆ ಹೇಳಿದ್ದು. ಮಾನ್ವಿ, ದೇವದುರ್ಗ, ರಾಯಚೂರು ಮೂರೂ ಕಡೆ ಓಡುವ ಲಾರಿ, ಜೀಪು, ಟ್ರ್ಯಾಕ್ಟರು, ಮಿಲ್ಲಿನ ಇಂಜಿನ್ನುಗಳಲ್ಲಿ ಇವನ ಎಡಗಿವಿಗೆ ತನ್ನ ಸಂಕಟ ಹೇಳಿಕೊಳ್ಳದ ಒಂದನ್ನು ತೋರಿಸಿದವರಿಗೆ ಶೆಡ್ಡನ್ನೇ ಬರೆದುಕೊಡುವುದಾಗಿ ಮಾತಿದೆ. ಶೆಡ್ಡು ಇನ್ನೂ ತಾಯಣ್ಣನ ಹೆಸರಿನಲ್ಲೇ ಇದೆ.

ಎಡಗಿವಿಯೇ ಯಾಕೆ ಎಂದರೆ, ಬಲಗಿವಿಯನ್ನು ಅವನು ರಾಯಚೂರಿನ ಅಕ್ಕಿ ಮಿಲ್ಲಿಗೆ ಕೊಟ್ಟು ಬಂದಿದ್ದಾನೆ. ಹುಟ್ಟಿದ್ದು ದೇವದುರ್ಗದ ಕಡೆಯ ಕುರಿಗಾರರ ಮನೆಯಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯ ಜೊತೆ ಚಂದ್ರಬಂಡದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಲು ಬಂದವನು, ಹತ್ತಿರದ ಮಿಲ್ಲಿನ ಇಂಜಿನ್ನಿನ ಸದ್ದು ಕೇಳಿ, ಇದಕ್ಕೆ ಹೊಟ್ಟೆನೋವು ಇದೆ ಎಂದು ಮಿಲ್ಲಿನವರಿಗೆ ಹೇಳಿದನಂತೆ. ಅವರು ನಕ್ಕರು. ಸಂಜೆಗೆ ಇಂಜಿನ್ನು ಕೆಟ್ಟು ನಿಂತಿತು. ಮರುದಿನ ಹುಡುಗನನ್ನು ಕೆಲಸಕ್ಕೆ ಕರೆದರು. ಹನ್ನೆರಡು ವರ್ಷ ಆ ಇಂಜಿನ್ನಿಗೆ ಬಲಮಗ್ಗುಲು ಕೊಟ್ಟು ನಿಂತು ಬಲಗಿವಿ ಸತ್ತಿತು. ಬೆಲ್ಟಿಗೆ ಕಿರುಬೆರಳೊಂದು ಹೋಯಿತು. ಇದನ್ನು ಹೇಳುವಾಗ ತಾಯಣ್ಣನ ಮುಖದಲ್ಲಿ ಎಳ್ಳಷ್ಟೂ ಮರುಕವಿಲ್ಲ.

“ಎರಡು ಕಿವಿ ಇದ್ದಾಗ ಬರೇ ಸಪ್ಪಳ ಕೇಳತಿತ್ತು. ಒಂದು ಹೋದ ಮ್ಯಾಲೆ ರೋಗ ಕೇಳಾಕತ್ತಿತು,” ಎನ್ನುತ್ತಾನೆ. ಕೋಲಿನ ಬಗ್ಗೆ ಕೇಳಿದರೆ, “ಇದು ನಮ್ಮಪ್ಪನ ಕೋಲು. ಅವ ಮುನ್ನೂರು ಕುರಿ ಕಾಯತಿದ್ದ. ಕತ್ತಲದಾಗ ಒಂದು ಕೆಮ್ಮಿದ್ರ, ಇಂಥಾದ್ದ ಕೆಮ್ಮಿತು ಅಂತ ಹೇಳತಿದ್ದ. ಇಂಜಿನ್ನಿನ್ಯಾಗ ನಾಕೋ ಆರೋ ಇರತಾವ. ಅದೇನು ದೊಡ್ಡ ಮಾತಲ್ರೀ,” ಎಂದು ಮುಗಿಸುತ್ತಾನೆ.

ಶೆಡ್ಡಿನ ಎದುರು ಗೋಡೆಯಲ್ಲಿ ಆಳೆತ್ತರದ ನೀಲಿ ಅಕ್ಷರಗಳಿವೆ: “ಗಾಲಿ ನಿಂತ ಕೂಡಲೇ ಇಂಜಿನ್ ಬಂದ್ ಮಾಡಿರಿ. – ತಾಯಣ್ಣ.” ಎಪ್ಪತ್ಮೂರು, ಎಪ್ಪತ್ನಾಲ್ಕರಲ್ಲಿ ಡೀಸೆಲ್ ಸಿಗದೆ ಡ್ರೈವರುಗಳು ಡಬ್ಬಿ ಹಿಡಿದು ನಿಂತ ಕಾಲದಲ್ಲಿ ಬರೆಸಿದ್ದು. ಗಾಡಿ ನಿಂತಾಗ ಧೂಳು ನೆಲಕ್ಕಿಳಿಯುವ ಮೊದಲೇ ಚಾವಿ ತಿರುಗಿಸಬೇಕು, ಇಳಿಜಾರು ಸಿಕ್ಕರೆ ಇಂಜಿನ್ ಬಂದ್ ಮಾಡಿ ಉರುಳಲು ಬಿಡಬೇಕು. ಇದು ತಾಯಣ್ಣನ ಪಾಠ. ಮೂರು ತಾಲೂಕಿನ ಡ್ರೈವರುಗಳು ಅದನ್ನು ದೇವರ ಮಾತಿನಂತೆ ಪಾಲಿಸಿದರು. ಆಗ ಉಳಿದ ಡೀಸೆಲನ್ನು ಒಂದೇ ಕಡೆ ಸುರಿದಿದ್ದರೆ ತುಂಗಭದ್ರೆಗೆ ಇನ್ನೊಂದು ಕಾಲುವೆ ತೋಡಬೇಕಾಗುತ್ತಿತ್ತು. ತಾಯಣ್ಣ ಈ ಗೋಡೆಯನ್ನು ವರ್ಷಕ್ಕೊಮ್ಮೆ ತಾನೇ ತೊಳೆಯುತ್ತಿದ್ದ. ತನ್ನ ಮದುವೆಯ ಫೋಟೊವನ್ನೂ ಅಷ್ಟು ಸಲ ಒರೆಸಿದವನಲ್ಲ.

ಹೋದ ವರ್ಷ, ಅಂದರೆ ಎಂಬತ್ತೇಳರ ಯುಗಾದಿ ಹತ್ತಿರ ಇದ್ದಾಗ, ಈ ಗೋಡೆಗೇ ಸಂಚಕಾರ ಬಂತು. ತಂದದ್ದು ಒಂದು ಕಾರು.

ಕಾರು ರಾಯಚೂರಿನಲ್ಲೇ ಬೇರೆ ಎರಡು ಅಕ್ಕಿ ಮಿಲ್ಲುಗಳ ಮಾಲೀಕ ವಿರೂಪಣ್ಣನದು. ಮುಂಬಯಿಯಲ್ಲಿದ್ದ ಯಾವನೋ ಪರದೇಶದ ದೊರೆ ತನ್ನೂರಿಗೆ ಮರಳುವಾಗ ಮಾರಿದ ಬೆಳ್ಳಿ ಬಣ್ಣದ ಡೀಸೆಲ್ ಗಾಡಿ. ಅದಕ್ಕೆ ಕ್ಲಚ್ಚಿನ ಪೆಡಲೇ ಇಲ್ಲ. ಗೇರು ತನಗೆ ತಾನೇ ಬೀಳುತ್ತದೆ. ಮೇಲಾಗಿ ಟರ್ಬೊ ಎಂಬ ತಿದಿ ಬೇರೆ. ಸೈಲೆನ್ಸರಿನ ಕಡೆಗೆ ನುಗ್ಗುವ ಬಿಸಿ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದರ ಅಚ್ಚಾದ ಕಬ್ಬಿಣದ ದಂಡಿಗೇ ಕೂತ ಇನ್ನೊಂದು ಚಕ್ರ ಇಂಜಿನ್ನಿಗೆ ಗಾಳಿ ಊದುತ್ತದೆ. ಕಮ್ಮಾರನ ತಿದಿಯಿಂದ ಒಲೆ ಉರಿದೆದ್ದಂತೆ ಗಾಡಿಗೆ ಇಮ್ಮಡಿ ಬಲ. ಹೊಸದರಲ್ಲಿ ಆ ಕಾರು ರಾಯಚೂರಿನಿಂದ ದೇವದುರ್ಗಕ್ಕೆ ಹೋದರೆ, ಹೊರಡುವಾಗ ಬಾಯಿಗೆ ಹಾಕಿಕೊಂಡ ಎಲೆ ಅಡಿಕೆ ಇಳಿಯುವಾಗ ಇನ್ನೂ ಕೆಂಪೇರಿರುತ್ತಿರಲಿಲ್ಲ.

ಒಂದು ವರ್ಷ ಓಡಿತು. ಆಮೇಲೆ ಸೊರಗಿತು. ಏರು ಬಂದರೆ ಗರ್ಜನೆಯೇ ಹೊರತು ಮುನ್ನಡೆಯಿಲ್ಲ. ಗೇರು ಒಂದರಲ್ಲೋ ಎರಡರಲ್ಲೋ ಕೂತು ಮೇಲಕ್ಕೆ ಏಳುವುದೇ ಇಲ್ಲ. ಹಿಂದೆ ಕಾಡಿಗೆಯಂಥ ಹೊಗೆ. ಗಬ್ಬೂರಿನ ಹತ್ತಿರ ಒಂದು ಎತ್ತಿನ ಬಂಡಿ ಈ ಕಾರನ್ನು ಹಿಂದೆ ಹಾಕಿ ಹೋಯಿತು. ಹೋಗುವಾಗ ಎತ್ತುಗಳು ತಿರುಗಿ ನೋಡಿ ನಕ್ಕವು ಎಂದು ಕಂಡವರು ಹೇಳುತ್ತಾರೆ. ಹೈದರಾಬಾದಿನ ದೊಡ್ಡ ಗ್ಯಾರೇಜಿನವರು ನೋಡಿ, ಗೇರುಪೆಟ್ಟಿಗೆ ಹೋಗಿದೆ, ಅದರ ದೇಶದಿಂದಲೇ ತರಿಸಬೇಕು, ಆರು ತಿಂಗಳು ಬೇಕು ಎಂದರು. ಡ್ರೈವರಿಗೆ ಓಡಿಸಲು ಬರದೆ ಹಾಳಾಗಿದೆ ಎಂದೂ ಸೇರಿಸಿದರು.

ಡ್ರೈವರು ಅಂಬಣ್ಣ. ಹದಿಮೂರು ವರ್ಷದಿಂದ ವಿರೂಪಣ್ಣನ ಮನೆಯ ಗಾಡಿ ಓಡಿಸುವವನು. ಮನೆಯಲ್ಲಿ ಹೆಂಡತಿ, ನಾಲ್ಕು ಹೆಣ್ಣುಮಕ್ಕಳು, ಕಣ್ಣು ಕಾಣದ ತಾಯಿ. ಅಮಾವಾಸ್ಯೆ ಕಳೆದ ಮೇಲೆ ಬರಬೇಡ ಎಂದು ವಿರೂಪಣ್ಣ ಹೇಳಿಬಿಟ್ಟ. ಅಂಬಣ್ಣ ಒಂದೇ ಒಂದು ಮಾತು ಬೇಡಿಕೊಂಡ, ಹೋಗುವ ಮೊದಲು ಗಾಡಿಯನ್ನು ಒಮ್ಮೆ ಮಾನ್ವಿಗೆ, ತನಗೆ ಡ್ರೈವಿಂಗ್ ಕಲಿಸಿದ ಗುರುವಿಗೆ ತೋರಿಸುತ್ತೇನೆ ಎಂದು. ಅಮಾವಾಸ್ಯೆಗೆ ಐದು ದಿನ ಇತ್ತು. ವಿರೂಪಣ್ಣ ಹಿಂದಿನ ಸೀಟಿನಲ್ಲಿ ಕೂತು ತಾನೂ ಬಂದ. ಕುರಿಗಾರನೊಬ್ಬ ಪರದೇಶದ ಗಾಡಿಯ ಮುಂದೆ ಏನು ಮಾಡುತ್ತಾನೆಂಬ ತಮಾಷೆ ನೋಡಲು ಬಂದನೆಂದೇ ಹೇಳಬೇಕು.

ತಾಯಣ್ಣನ ಕೆಲಸಕ್ಕೆ ಒಂದು ಕ್ರಮವಿದೆ. ನಟ್ಟು ಬಿಚ್ಚುವ ಪಾನಾ ಮುಟ್ಟುವ ಮೊದಲು ಡ್ರೈವರು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಹೇಳುವಾಗ ಮಾಲೀಕ ಅಲ್ಲಿರಬಾರದು. ಎಂಥ ದೊಡ್ಡ ಸಾವುಕಾರನಾದರೂ ದುರುಗಮ್ಮನ ಬೆಂಚಿನ ಮೇಲೆ ಹೋಗಿ ಕೂರಬೇಕು. “ಧಣೀರ ಮುಂದ ಡ್ರೈವರ್ ಖರೆ ಹೇಳೂದಿಲ್ರಿ. ಖರೆ ಗೊತ್ತಾಗಲಿಲ್ಲಂದ್ರ ನಾ ಏನು ಬಿಚ್ಚಲಿ,” ಎನ್ನುತ್ತಾನೆ ತಾಯಣ್ಣ. ವಿರೂಪಣ್ಣ ಗೊಣಗುತ್ತ ಹೋಗಿ ಕೂತು ಹದಿನೇಳು ಮಿರ್ಚಿ ತಿಂದ.

ಅಂಬಣ್ಣ ಎಲ್ಲ ಹೇಳಿದ. ಎಣ್ಣೆ ಬದಲಿಸಿದ ದಿನ, ಗಾಳಿ ಸೋಸುವ ಜಾಲರಿ ತೊಳೆದ ದಿನ, ಎಲ್ಲ. ದೇವದುರ್ಗದ ಗುಡ್ಡ ಇಳಿಯುವಾಗ ಸ್ಟಿಯರಿಂಗು, ಬ್ರೇಕು ಎರಡೂ ಕಲ್ಲಿನಂತೆ ಬಿಗಿಯಾಗುತ್ತವೆ, ಅದು ಆ ಗಾಡಿಯ ಗುಣ ಎಂದ. ಹಾಗೆ ತಿರುಗಿಸಿ ತಿರುಗಿಸಿ ಅವನ ತೋಳು ಗರಡಿಯಾಳಿನಂತಾಗಿ, ಅಂಗಿಯ ತೋಳು ಎರಡು ಸಲ ಬಿಚ್ಚಿ ಹೊಲಿಸಿದ್ದ. ಕೊನೆಗೆ, “ನೀವು ಕಲಿಸಿದ್ದು ಒಂದು ದಿನ ತಪ್ಪಿಸಿಲ್ರೀ. ಎಷ್ಟ ಜೋರು ಬರಲಿ, ಗಾಲಿ ನಿಂದ್ರೂದರಾಗ ಚಾವಿ ತಿರುವತೀನಿ,” ಎಂದ. ತಾಯಣ್ಣ ಹೆಮ್ಮೆಯಿಂದ ತಲೆಯಾಡಿಸಿದ.

ಆಮೇಲೆ ತಾಯಣ್ಣ ಕಾರಿನಲ್ಲಿ ಕೂತ. ಸಿರವಾರದ ದಾರಿಯಲ್ಲಿ ಒಂದು ಸುತ್ತು. ಕೋಲನ್ನು ಗೇರುಪೆಟ್ಟಿಗೆಯ ಮೇಲಿನ ತಗಡಿಗೆ ಊರಿ ಕಿವಿ ಹಚ್ಚಿದ. ಗಾಡಿ ಚೀರುತ್ತಿತ್ತು, ಗೇರು ಮೇಲೇರುತ್ತಿರಲಿಲ್ಲ. ತಾಯಣ್ಣ ಕಣ್ಣು ತೆರೆದು ಗೇರಿನ ಕಡೆ ನೋಡಲೇ ಇಲ್ಲ, ಅಂಬಣ್ಣನ ಕಾಲು ನೋಡಿದ. ಆಕ್ಸಿಲರೇಟರು ನೆಲಕ್ಕೆ ಅಂಟಿತ್ತು. ಕಾಲು ಸಡಿಲಿಸಲು ಹೇಳಿದ. ಸಡಿಲಿಸಿದ ಕೂಡಲೇ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಮೇಲಕ್ಕೆ ಬಿತ್ತು. ಕಾಲು ಪೂರ್ತಿ ಒತ್ತಿದರೆ ಆ ಗೇರುಪೆಟ್ಟಿಗೆ, ಡ್ರೈವರಿಗೆ ಬಲ ಬೇಕಾಗಿದೆ ಎಂದುಕೊಂಡು ಕೆಳಗಿನ ಗೇರಿನಲ್ಲೇ ಕಾಯುತ್ತದೆ. ಅದು ಅದರ ಧರ್ಮ. ಹೈದರಾಬಾದು ಅದನ್ನೇ ರೋಗ ಎಂದುಕೊಂಡಿತ್ತು.

ಶೆಡ್ಡಿಗೆ ಬಂದು ಗೇರುಪೆಟ್ಟಿಗೆಯ ಎಣ್ಣೆ ನೋಡುವ ಕಡ್ಡಿ ಎಳೆದು, ಒಂದು ಹನಿಯನ್ನು ತನ್ನ ಬಿಳಿ ಧೋತರದ ಅಂಚಿಗೇ ಹಚ್ಚಿದ. ಕುಂಕುಮದಂತೆ ಕೆಂಪಗೆ ಹರಡಿತು. ಮೂಸಿದ. ಸುಟ್ಟ ವಾಸನೆಯಿಲ್ಲ. “ಸಾವುಕಾರ್ರ, ಗೇರಿನಪೆಟಿಗಿ ನಿಮಗಿಂತಾ ಗಟ್ಟಿ ಅದ,” ಎಂದು ಕೂಗಿ ಹೇಳಿದ. ಪರದೇಶದಿಂದ ಆರು ತಿಂಗಳಿಗೆ ಬರಬೇಕಾಗಿದ್ದ ಪೆಟ್ಟಿಗೆಯನ್ನು ತಾಯಣ್ಣ ಒಂದು ಧೋತರದ ಅಂಚಿನಲ್ಲಿ ತಡೆದು ನಿಲ್ಲಿಸಿದ.

ಹಾಗಾದರೆ ಅಂಬಣ್ಣ ಕಾಲನ್ನು ನೆಲಕ್ಕೆ ಒತ್ತಬೇಕಾಗಿ ಬಂದದ್ದೇಕೆ? ಇಂಜಿನ್ನಿನಲ್ಲಿ ಬಲವಿಲ್ಲ, ಅದಕ್ಕೆ. ಬಲ ಯಾಕಿಲ್ಲ? ಗಾಳಿಯ ಕೊಳವೆ ಬಿಚ್ಚಿ ಟರ್ಬೊದ ಚಕ್ರಕ್ಕೆ ಬೆರಳು ಹಚ್ಚಿದ. ಊದಿದರೆ ಗಿರ್ರನೆ ತಿರುಗಬೇಕಾದದ್ದು ಒತ್ತಿದರೂ ಮಿಸುಕಲಿಲ್ಲ. ತಿದಿ ಸತ್ತಿತ್ತು. ಇಡೀ ಟರ್ಬೊ ಕಳಚಿ ಗೋಣಿಚೀಲದ ಮೇಲಿಟ್ಟು ಬಿಚ್ಚಿದಾಗ, ಚಕ್ರದ ದಂಡಿನ ಸುತ್ತ ಕಲ್ಲಿನಂತೆ ಗಟ್ಟಿಯಾದ ಕಪ್ಪು ಕಿಟ್ಟ.

ಇಲ್ಲಿ ತಾಯಣ್ಣ ಕೂತುಬಿಟ್ಟ. ಇಂಜಿನ್ನಿನ ಎಣ್ಣೆ ಹೊಸದು, ಜಾಲರಿ ತೊಳೆದದ್ದು. ಕಿಟ್ಟ ಎಲ್ಲಿಂದ ಬಂತು? ಕಾರಣ ತಿಳಿಯದೆ ತೊಳೆದು ಕೊಟ್ಟರೆ ಮುಂದಿನ ವರ್ಷ ಮತ್ತೆ ಇದೇ ಗತಿ. ಮೂವತ್ತೇಳು ವರ್ಷದಲ್ಲಿ ಮೊದಲ ಸಲ ತಾಯಣ್ಣ ಚಹಾ ಆರಲು ಬಿಟ್ಟ. ವಿರೂಪಣ್ಣ ಮಾತ್ರ ಕೈ ಒರೆಸಿಕೊಂಡು ಬಂದು, ಈ ಅಂಬಣ್ಣ ಕೆಟ್ಟ ಎಣ್ಣೆ ಹಾಕಿ ಕೊಂದಿದ್ದಾನೆ, ಅಮಾವಾಸ್ಯೆಯವರೆಗೂ ಬೇಡ, ಇವತ್ತೇ ಲೆಕ್ಕ ಚುಕ್ತಾ ಎಂದ. ಅಂಬಣ್ಣ ಕಾರಿನ ಚಾವಿಯನ್ನು ಅಂಗೈಯಲ್ಲಿ ಹಿಡಿದು ಮುಂದೆ ಚಾಚಿದ.

ಅಷ್ಟರಲ್ಲಿ ದುರುಗಮ್ಮ ಆರಿದ ಚಹಾದ ಕಪ್ಪು ಒಯ್ಯಲು ಬಂದಳು. ಗೋಣಿಯ ಮೇಲಿದ್ದದ್ದನ್ನು ಬಗ್ಗಿ ನೋಡಿದಳು. ಉಗುರಿನಿಂದ ಕೆರೆದು ಮೂಸಿದಳು.

“ಅಯ್ಯ, ಇದು ನನ್ನ ಬಾಣಲಿ ಕಿಟ್ಟ ಇದ್ದಂಗನ ಅದ,” ಎಂದಳು. “ಎಣ್ಣಿ ತುಂಬಿ ಭಜಿ ಕರಿಯೂವಾಗ ಇದು ಹತ್ತೂದಿಲ್ಲ. ಎಣ್ಣಿ ಹೊರಗ ಸುರುವಿ ಕಾದ ಬಾಣಲಿ ಹಂಗ ಒಲಿ ಮ್ಯಾಲ ಬಿಡತೀನಲ್ಲ, ಆವಾಗ ತಳದಾಗ ಉಳದ ನಾಕು ಹನಿ ಸೀದು ಹಿಂಗ ಹತ್ತತದ. ನಿಮ್ಮ ಗಾಡ್ಯಾಗ ಕಾದಾಗ ಎಣ್ಣಿ ತಗಿಯೂವಂಥ ಜಾಣ ಯಾವ?”

ತಾಯಣ್ಣ ಹೆಂಡತಿಯನ್ನು ನೋಡಿದ. ಆಮೇಲೆ ಅಂಬಣ್ಣನ ಅಂಗೈಯಲ್ಲಿದ್ದ ಚಾವಿ ನೋಡಿದ. ಆಮೇಲೆ, ಬಹಳ ನಿಧಾನವಾಗಿ, ಎದುರು ಗೋಡೆ ನೋಡಿದ.

ಜೋರಾಗಿ ಬಂದ ಗಾಡಿಯಲ್ಲಿ ಆ ಚಕ್ರ ಕೆಂಡದಂತೆ ಕಾದಿರುತ್ತದೆ. ಅದನ್ನು ತಂಪು ಮಾಡುವುದು ಇಂಜಿನ್ನು ಕಳಿಸುವ ಎಣ್ಣೆ. ಗಾಲಿ ನಿಂತ ಕೂಡಲೇ ಇಂಜಿನ್ ಬಂದ್ ಮಾಡಿದರೆ ಎಣ್ಣೆಯೂ ಬಂದ್. ದಂಡಿನ ಮೇಲೆ ಉಳಿದ ನಾಲ್ಕು ಹನಿ ಸೀದು ಕಿಟ್ಟ. ದಿನಕ್ಕೆ ಹತ್ತು ಸಲ, ಒಂದು ವರ್ಷ. ಗುಡ್ಡದಲ್ಲಿ ಇಂಜಿನ್ ಬಂದ್ ಮಾಡಿ ಉರುಳಿಸಿದ್ದಕ್ಕೇ, ಇಂಜಿನ್ನಿನ ಬಲ ಸಿಗದೆ, ಸ್ಟಿಯರಿಂಗು, ಬ್ರೇಕು ಕಲ್ಲಾದದ್ದು. ಗೇರುಪೆಟ್ಟಿಗೆಗೂ ಇಂಜಿನ್ನು ನಿಂತರೆ ಎಣ್ಣೆ ಏರದು. ಇನ್ನೊಂದು ವರ್ಷ ಹೀಗೇ ಉರುಳಿದ್ದರೆ ಅದೂ ಹೋಗುತ್ತಿತ್ತು. ಎಲ್ಲವೂ ತಾಯಣ್ಣನ ತಲೆಯಲ್ಲಿ ಒಂದೇ ಏಟಿಗೆ ಹೊಳೆಯಿತು. ಅಂಬಣ್ಣ ತಪ್ಪು ಮಾಡಿರಲಿಲ್ಲ. ಕಲಿಸಿದ್ದನ್ನು ಅಕ್ಷರ ಬಿಡದೆ ಮಾಡಿದ್ದ.

ತಾಯಣ್ಣ ಸುಮ್ಮನಿರಬಹುದಿತ್ತು. ಟರ್ಬೊ ತೊಳೆದು ಕೂಡಿಸಿ, ಮುಂದೆ ಹೀಗೆ ಮಾಡಬೇಡ ಎಂದು ಅಂಬಣ್ಣನ ಕಿವಿಯಲ್ಲಿ ಉಸುರಿದ್ದರೆ ಕೆಲಸ ಮುಗಿಯುತ್ತಿತ್ತು, ಗೋಡೆಯೂ ಉಳಿಯುತ್ತಿತ್ತು. ಆದರೆ ಚಾವಿ ಚಾಚಿದ ಆ ಕೈ ಹಾಗೇ ಇತ್ತು. ಮೂವತ್ತು ಡ್ರೈವರುಗಳು ಮಿರ್ಚಿ ತಿನ್ನುವುದು ಬಿಟ್ಟು ನೋಡುತ್ತಿದ್ದರು. ಮಾನ್ವಿ ಬಸ್ ಸ್ಟ್ಯಾಂಡಿನ ಗಡಿಯಾರವೂ ನಿಂತಿತ್ತು. ಅದು ಮೊದಲಿಂದಲೂ ನಿಂತೇ ಇದೆ ಎನ್ನುವವರಿದ್ದಾರೆ, ಅವರ ಮಾತು ಬಿಡಿ.

ತಾಯಣ್ಣ ಎದ್ದು ಹೋಗಿ ಗೋಡೆಯ ಪಕ್ಕ ನಿಂತು, ಕೋಲಿನಿಂದ ಅಕ್ಷರ ತೋರಿಸಿದ. “ಸಾವುಕಾರ್ರ, ಇದನ್ನ ಓದ್ರಿ.”

ವಿರೂಪಣ್ಣ ಗಟ್ಟಿಯಾಗಿ ಓದಿದ.

“ನಿಮ್ಮ ಗಾಡಿ ಕೆಡಿಸಿದ್ದು ಇದು. ಬರೆಸಿದಾವ ನಾ. ಅಂಬಣ್ಣಗ ಕಲಿಸಿದಾವನೂ ನಾ. ಅವಂದು ಏನೂ ತಪ್ಪಿಲ್ಲ. ಅವ ನನ್ನ ಮಾತು ಮೀರಿದ್ದನಂದ್ರ ನಿಮ್ಮ ಗಾಡಿ ಇವತ್ತು ಛಲೋ ಇರತಿತ್ತು.”

ವಿರೂಪಣ್ಣ ಗೋಡೆಯನ್ನೂ ತಾಯಣ್ಣನನ್ನೂ ಸರದಿಯಾಗಿ ನೋಡಿದ. “ಹಂಗಾದ್ರ ಈಗ ಯಾರನ್ನ ಕೆಲಸದಿಂದ ತಗೀಲೋ ತಾಯಣ್ಣ, ಗೋಡೀನ?”

“ಗೋಡೀನ ತಗೀರಿ,” ಎಂದ ತಾಯಣ್ಣ.

ಮೊದಲು ನಕ್ಕವನು ವಿರೂಪಣ್ಣನೇ. ಆ ನಗು ಸಿಂಧನೂರಿನವರೆಗೆ ಕೇಳಿಸಿತು. ಅಂಬಣ್ಣನ ಅಂಗೈಯನ್ನು ಅವನೇ ಮಡಿಚಿ, ಚಾವಿಯನ್ನು ಒಳಗೇ ಉಳಿಸಿದ.

ಟರ್ಬೊ ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಯಿತು. ಕಬ್ಬಿಣ ಹಾಕಿ ಕೆರೆದರೆ ದಂಡಿಗೆ ಗೀರು ಬೀಳುತ್ತದೆಂದು ತಾಯಣ್ಣ ಹಸಿ ಬೇವಿನ ಕಡ್ಡಿಯ ತುದಿ ಜಜ್ಜಿ, ಹಲ್ಲುಜ್ಜಿದಂತೆ ಉಜ್ಜಿದ. ಕಾರು ಪರದೇಶದಲ್ಲಿ ಹುಟ್ಟಿದ್ದರೂ ಹಲ್ಲುಜ್ಜಿಸಿಕೊಂಡದ್ದು ಮಾನ್ವಿಯಲ್ಲೇ. ನಾಲ್ಕನೆಯ ಬೆಳಿಗ್ಗೆ ಚಕ್ರಕ್ಕೆ ಬಾಯಿಂದ ಊದಿದಾಗ ಅದು ಗಿರ್ರನೆ ತಿರುಗಿತು, ನಿಲ್ಲಲು ಮನಸ್ಸಿಲ್ಲದಂತೆ ತಿರುಗಿತು. ಆ ದಿನ ಕಾರು ದೇವದುರ್ಗದ ಗುಡ್ಡವನ್ನು ಏರಿದ ರಭಸಕ್ಕೆ ಗುಡ್ಡವೇ ಎರಡು ಗೇಣು ಕುಗ್ಗಿತಂತೆ. ಅಳೆಯುವವರು ಅಳೆಯಲಿ. ಇಳಿಯುವಾಗ ಇಂಜಿನ್ನು ನಡೆಯುತ್ತಲೇ ಇತ್ತು. ಅಂಬಣ್ಣ ಒಂದೇ ಬೆರಳಿನಲ್ಲಿ ಸ್ಟಿಯರಿಂಗು ತಿರುಗಿಸಿ, ಇಷ್ಟು ದಿನ ಬೆಳೆಸಿದ ತೋಳು ದಂಡವಾಯಿತೆಂದು ನಕ್ಕ.

ಗೋಡೆಯನ್ನು ಯಾರೂ ತೆಗೆಯಲಿಲ್ಲ. ತಾಯಣ್ಣ ಪೇಂಟರನನ್ನು ಕರೆಸಿ, ಹಳೆಯ ನೀಲಿ ಸಾಲಿನ ಕೆಳಗೆ ಕೆಂಪಿನಲ್ಲಿ ಇನ್ನೊಂದು ಸಾಲು ಬರೆಸಿದ್ದಾನೆ: “ಟರ್ಬೊ ಗಾಡಿ ಆದರೆ ಒಂದು ಬಾಣಲಿ ಮಿರ್ಚಿ ಬೇಯುವ ತನಕ ಇಂಜಿನ್ ನಡೆಯಲಿ. ಇಳಿಜಾರಿನಲ್ಲಿ ಬಂದ್ ಮಾಡಬೇಡಿರಿ. – ದುರುಗಮ್ಮ.” ದುರುಗಮ್ಮನಿಗೆ ಓದು ಬಾರದು. ಆದರೆ ಗೋಡೆಯ ಬುಡದ ಆ ನಾಲ್ಕಕ್ಷರ ತನ್ನ ಹೆಸರೆಂದು ಗೊತ್ತು. ಯುಗಾದಿಗೆ ಸುಣ್ಣ ಹಚ್ಚುವಾಗ ಬೇರೆ ಯಾರಿಗೂ ಅದರ ಹತ್ತಿರ ಬ್ರಶ್ಶು ತರಲು ಬಿಡುವುದಿಲ್ಲ.

ಇಡೀ ಮೂರು ತಾಲೂಕಿಗೆ ಅಂಥ ಗಾಡಿ ಒಂದೇ, ಅದಕ್ಕಾಗಿ ಗೋಡೆ ತುಂಬ ಬರೆಸಬೇಕಿತ್ತೆ ಎಂದು ಜನ ಕೆಣಕುತ್ತಾರೆ. “ಬರತಾವ್ರಿ,” ಎನ್ನುತ್ತಾನೆ ತಾಯಣ್ಣ, ಲಾರಿಯ ಬಾನೆಟ್ ಮುಚ್ಚುತ್ತ. “ನಾಳಿ ಎಲ್ಲಾ ಇಂಥಾವ ಬರತಾವ. ನಾ ಇರತೀನೋ ಇಲ್ಲೋ. ಓದಿ ನಾಕು ಮಂದಿ ತಿಳಕೊಂಡ್ರ ಸಾಕು. ನನ್ನ ಸಾಲಿಗಿಂತಾ ಆಕಿ ಸಾಲು ಜಾಸ್ತಿ ದಿನ ಬಾಳಲಿ.”

ಅಷ್ಟರಲ್ಲಿ ಬೆಳ್ಳಿ ಬಣ್ಣದ ಕಾರು ರಾಯಚೂರಿನ ಕಡೆಯಿಂದ ಬಂದು ಶೆಡ್ಡಿನ ಮುಂದೆ ನಿಲ್ಲುತ್ತದೆ. ಅಂಬಣ್ಣ ಚಾವಿಗೆ ಕೈ ಹಚ್ಚುವುದಿಲ್ಲ, ಒಲೆಯ ಕಡೆ ನೋಡುತ್ತ ಕೂರುತ್ತಾನೆ. ಹಿಂದೆ, ಎರಡು ಮಿಲ್ಲು, ಅರವತ್ತು ಆಳುಗಳ ಸಾವುಕಾರ ವಿರೂಪಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೆಲಸ ಬಹಳ ಅದ, ಬೇಗ ಆಗಲಿ ಎಂದು ಅವಸರಪಡಿಸುತ್ತಾನೆ. ದುರುಗಮ್ಮ ಜಾಲರಿ ಸೌಟಿನಿಂದ ಒಂದೊಂದೇ ಮಿರ್ಚಿ ಮಗ್ಗುಲು ಬದಲಿಸುತ್ತಾಳೆ.

“ಸ್ವಲ್ಪ ತಡೀರಿ ಸಾವುಕಾರ್ರ,” ಎನ್ನುತ್ತಾಳೆ, ತಲೆಯೆತ್ತದೆ. “ಇನ್ನಾ ಹಸೀ ಅವ.”